ಆಫರ್ ಬಂತು, ಕೆಲಸ ಬರಲಿಲ್ಲ: ಎನ್‌ಎಚ್‌ಎಸ್ ತಪಾಸಣೆಗಳ ನಡುವೆ ಕಳೆಯುವ ತಿಂಗಳುಗಳು

ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಯೊಂದರಲ್ಲಿ ಸಂದರ್ಶನ ಮುಗಿಸಿ, ಬಸ್ ಹತ್ತಿ ಮನೆ ಮುಟ್ಟುವಷ್ಟರಲ್ಲಿ ವಾರ್ಡ್ ಮ್ಯಾನೇಜರ್ ಫೋನ್ ಬಂದಿತ್ತು. ಕೆಲಸ ನಿಮಗೇ ಅಂದರು. ದಾವಣಗೆರೆಗೆ ಫೋನ್ ಹಚ್ಚಿ ಸುದ್ದಿ ಹೇಳಿದೆ. ಅವ್ವ ಕೇಳಿದ್ದು ಒಂದೇ ಮಾತು: "ಯಾವತ್ತಿಂದ ಹೋಗ್ಬೇಕು ನೀನು?" ಒಂದೆರಡು ವಾರ ಆಗಬಹುದು ಅಂದೆ. ಆ ವಾರ್ಡಿನ ಬಾಗಿಲು ನಾನು ದಾಟಿದ್ದು 15ನೇ ವಾರದಲ್ಲಿ. ಅಷ್ಟೂ ದಿನ ಅವ್ವ ಪ್ರತಿ ಭಾನುವಾರ ಅದನ್ನೇ ಕೇಳುತ್ತಿದ್ದಳು. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟಳು. ಕೆಲಸ ಸಿಕ್ಕಿದೆ ಅಂದದ್ದೇ ಸುಳ್ಳಿರಬಹುದು ಎಂದು ನೆಂಟರಲ್ಲಿ ಒಂದಿಬ್ಬರು ಆಡಿಕೊಂಡದ್ದೂ ಕಿವಿಗೆ ಬಿತ್ತು.

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದ ಕನ್ನಡಿಗರನ್ನು ಕೇಳಿ ನೋಡಿ, ಬಹಳಷ್ಟು ಜನರ ಬಳಿ ಇಂಥ ಕತೆಯೊಂದು ಇರುತ್ತದೆ. ಗಂಡನ ಐಟಿ ವೀಸಾದ ಮೇಲೆ ಬಂದು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಹೆಲ್ತ್‌ಕೇರ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿದವರಿದ್ದಾರೆ. ಮಂಗಳೂರಲ್ಲೋ ಬೆಂಗಳೂರಲ್ಲೋ ನರ್ಸಿಂಗ್ ಓದಿ ಅಲ್ಲಿಂದಲೇ ನೇಮಕಗೊಂಡು ಬಂದವರಿದ್ದಾರೆ. ದಾರಿ ಬೇರೆಯಾದರೂ ಸಿಕ್ಕಿಕೊಳ್ಳುವ ಜಾಗ ಒಂದೇ. ಆಯ್ಕೆಯಾದ ದಿನಕ್ಕೂ ಸೇರುವ ದಿನಕ್ಕೂ ನಡುವಿನ ಆ ಅವಧಿಯಲ್ಲಿ ಸಂಬಳವಿಲ್ಲ, ತಾರೀಖಿಲ್ಲ, ಕೇಳಿದರೆ "ಪ್ರೋಸೆಸ್ ಆಗ್ತಾ ಇದೆ" ಅನ್ನುವ ಉತ್ತರ.

ನಾನು ಅದನ್ನು ಬಹಳ ದಿನ ಒಂದು ಕ್ಯೂ ಅಂದುಕೊಂಡಿದ್ದೆ. ಮುಂದಿನವರದು ಮುಗಿದರೆ ನನ್ನದು ಬರುತ್ತದೆ ಅಂತ. ಅದು ಒಂದು ಕ್ಯೂ ಅಲ್ಲ, ಐದಾರು ಕ್ಯೂ. ಒಂದೊಂದೂ ಒಂದೊಂದು ಕಚೇರಿಯಲ್ಲಿ, ಒಬ್ಬೊಬ್ಬರ ಇನ್‌ಬಾಕ್ಸಿನಲ್ಲಿ ನಿಂತಿರುತ್ತದೆ, ಮತ್ತು ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಬಲ್ಲ ಒಬ್ಬರೇ ಒಬ್ಬರೆಂದರೆ ಕಾಯುತ್ತಿರುವ ನೀವು. ಇದು ತಿಳಿದ ಮೇಲೆ ಕಾಯುವ ಬಗೆಯೇ ಬದಲಾಗುತ್ತದೆ.

ಆರು ತಪಾಸಣೆ ಮತ್ತು ಅವುಗಳ ಹಿಂದಿನ ನೋವು

ಮೊದಲು ಕೈಗೆ ಬರುವುದು ಕಂಡಿಷನಲ್ ಆಫರ್, ಅಂದರೆ ಷರತ್ತಿನ ಮೇಲಿನ ಆಫರ್. ಷರತ್ತುಗಳು ಆರು: ಗುರುತು, ಬ್ರಿಟನ್ನಿನಲ್ಲಿ ದುಡಿಯುವ ಹಕ್ಕು, ವೃತ್ತಿ ನೋಂದಣಿ ಮತ್ತು ಓದಿನ ದಾಖಲೆ, ಹಿಂದಿನ ಕೆಲಸಗಳ ವಿವರ ಮತ್ತು ರೆಫರೆನ್ಸ್, ಅಪರಾಧ ದಾಖಲೆಯ ಪರಿಶೀಲನೆ, ಆರೋಗ್ಯ ತಪಾಸಣೆ. ಎನ್‌ಎಚ್‌ಎಸ್‌ನ ಯಾವ ಆಸ್ಪತ್ರೆಗೆ ಹೋದರೂ ಇವು ಇದ್ದದ್ದೇ. ಆರೂ ಮುಗಿದ ಮೇಲೆ ಬರುವುದೇ ಪಕ್ಕಾ ಆಫರ್. ಅದು ಕೈಗೆ ಬರುವವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆಫರ್ ಬಂತೆಂದು ಅಂಗಡಿಯ ಕೆಲಸ ಬಿಟ್ಟು, ಆಮೇಲೆ ಮೂರು ತಿಂಗಳು ಬಾಡಿಗೆಗೆ ಸಾಲ ಮಾಡಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಕಾಯುವಾಗ ನಮ್ಮನ್ನು ನಂಬುತ್ತಿಲ್ಲ ಅನ್ನಿಸುವುದು ಸಹಜ. ಆದರೆ ಈ ತಪಾಸಣೆಗಳು ಹುಟ್ಟಿದ್ದು ಈ ದೇಶ ತಿಂದ ಪೆಟ್ಟುಗಳಿಂದ. 1991ರಲ್ಲಿ ಗ್ರಾಂಥಮ್ ಪಟ್ಟಣದ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬೆವರ್ಲಿ ಅಲಿಟ್ ಎಂಬ ನರ್ಸ್ ನಾಲ್ಕು ಮಕ್ಕಳನ್ನು ಕೊಂದಳು. ನರ್ಸ್ ಕೆಲಸಕ್ಕೆ ತೆಗೆದುಕೊಳ್ಳುವಾಗ ಆರೋಗ್ಯದ ಹಿನ್ನೆಲೆಯನ್ನು ಹೇಗೆ ನೋಡಬೇಕು ಅನ್ನುವ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಆಗ. 2002ರಲ್ಲಿ ಸೋಹಮ್ ಎಂಬ ಊರಿನಲ್ಲಿ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಶಾಲೆಯೊಂದರ ಕೇರ್‌ಟೇಕರ್. ಅವನ ಮೇಲೆ ಬೇರೆ ಊರಿನ ಪೊಲೀಸರ ಬಳಿ ದೂರುಗಳಿದ್ದವು. ಶಿಕ್ಷೆ ಆಗಿರಲಿಲ್ಲವಾದ್ದರಿಂದ ಆ ಮಾಹಿತಿ ಕೆಲಸ ಕೊಟ್ಟವರನ್ನು ತಲುಪಲೇ ಇಲ್ಲ. 2004ರ ಬಿಚರ್ಡ್ ತನಿಖೆ, ಮಕ್ಕಳು ಮತ್ತು ದುರ್ಬಲರ ರಕ್ಷಣೆಗೆಂದು ಬಂದ 2006ರ ಕಾಯಿದೆ, ಕೆಲಸಕ್ಕೆ ಸೇರುವವರ ಅಪರಾಧ ದಾಖಲೆ ನೋಡಲು 2012ರಲ್ಲಿ ಶುರುವಾದ ಡಿಬಿಎಸ್ ಸಂಸ್ಥೆ, ಎಲ್ಲವೂ ಆ ಎರಡು ಸಾವುಗಳ ಹಿಂದೆಯೇ ಬಂದವು. ಓದಿನ ದಾಖಲೆಯ ವಿಷಯಕ್ಕೆ ಬಂದರೆ, ಖೋಟಾ ಪದವಿ ಪತ್ರ ತೋರಿಸಿ 1995ರಲ್ಲಿ ವೈದ್ಯೆಯಾಗಿ ನೋಂದಾಯಿಸಿಕೊಂಡ ಝೋಲಿಯಾ ಅಲೆಮಿ ಸುಮಾರು ಎರಡು ದಶಕ ಮನೋವೈದ್ಯೆಯಾಗಿ ದುಡಿದಳು. ಅವಳಿಗೆ 7 ವರ್ಷ ಜೈಲಾದದ್ದು 2023ರಲ್ಲಿ.

ಹಾಗಾಗಿ ತಪಾಸಣೆ ಬೇಡವೆಂದು ನಾನು ಹೇಳುವುದಿಲ್ಲ. ನನ್ನ ಅವ್ವ ಆ ಹಾಸಿಗೆಯ ಮೇಲೆ ಮಲಗಿದ್ದರೆ ನಾನೂ ಇಷ್ಟೇ ಬಿಗಿ ಇರಲಿ ಅನ್ನುತ್ತಿದ್ದೆ. ನನ್ನ ತಕರಾರು ಇರುವುದು ಆ ಮೌನದ ಮೇಲೆ, ಮತ್ತು ಕಾಯುವಿಕೆಯ ಖರ್ಚು ಪೂರ್ತಿ ಕಾಯುವವರ ತಲೆಯ ಮೇಲೇ ಬೀಳುವುದರ ಮೇಲೆ.

ಡಿಬಿಎಸ್ ಎಲ್ಲಿ ನಿಲ್ಲುತ್ತದೆ

ಆಸ್ಪತ್ರೆಯಲ್ಲಿ ರೋಗಿಗಳನ್ನು ಮುಟ್ಟಿ ಆರೈಕೆ ಮಾಡುವ ಕೆಲಸಕ್ಕೆ ಬೇಕಾಗುವುದು ಎನ್‌ಹ್ಯಾನ್ಸ್ಡ್ ಡಿಬಿಎಸ್, ಅಂದರೆ ಹೆಚ್ಚು ಆಳದ ಪರಿಶೀಲನೆ. ಇದರ ಶುಲ್ಕ 2024ರ ಡಿಸೆಂಬರ್‌ನಿಂದ 49.50 ಪೌಂಡ್. ಕೆಲವೆಡೆ ಆಸ್ಪತ್ರೆಯೇ ಕಟ್ಟುತ್ತದೆ, ಕೆಲವೆಡೆ ಮೊದಲ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಅರ್ಜಿ ಐದು ಹಂತ ದಾಟಬೇಕು. ಮೊದಲು ಅರ್ಜಿ ಸರಿಯಿದೆಯೇ ಎಂದು ನೋಡುತ್ತಾರೆ, ಆಮೇಲೆ ರಾಷ್ಟ್ರೀಯ ಪೊಲೀಸ್ ಕಂಪ್ಯೂಟರಿನಲ್ಲಿ ಹುಡುಕುತ್ತಾರೆ, ಮೂರನೆಯದರಲ್ಲಿ ಮಕ್ಕಳ ಮತ್ತು ವಯಸ್ಕರ ಆರೈಕೆಯಿಂದ ನಿಷೇಧಿಸಲ್ಪಟ್ಟವರ ಪಟ್ಟಿ, ನಾಲ್ಕನೆಯದರಲ್ಲಿ ನೀವು ವಾಸವಿದ್ದ ಕಡೆಯ ಪೊಲೀಸರ ಕಡತ, ಐದನೆಯದು ಮುದ್ರಣ.

ಮೊದಲ ಮೂರು ಹಂತ ಬಹುಪಾಲು ಕಂಪ್ಯೂಟರಿನ ಕೆಲಸ. ಅರ್ಜಿ ಕೂತುಬಿಡುವುದು ನಾಲ್ಕರಲ್ಲಿ. ಸೋಹಮ್‌ನಲ್ಲಿ ತಪ್ಪಿಹೋದದ್ದು ಇದೇ ಕೊಂಡಿ. ಹಾಗಾಗಿ ಇಲ್ಲಿ ಹೆಸರಿಗೆ ಹೋಲುವುದೇನಾದರೂ ಸಿಕ್ಕರೆ ಪೊಲೀಸ್ ಕಚೇರಿಯಲ್ಲಿ ಮನುಷ್ಯರೊಬ್ಬರು ಕೂತು ಓದಿಯೇ ಮುಂದಕ್ಕೆ ಕಳಿಸಬೇಕು. ನಮ್ಮವರು ಬಾಡಿಗೆ ಮನೆ ಬದಲಿಸುತ್ತಲೇ ಇರುತ್ತಾರೆ. ಗಂಡನ ಪ್ರಾಜೆಕ್ಟ್ ಎಲ್ಲಿಗೋ ಸಂಸಾರ ಅಲ್ಲಿಗೆ. ಐದು ವರ್ಷದಲ್ಲಿ ಮೂರು ಊರು ಸುತ್ತಿದ್ದರೆ ಮೂರು ಪೊಲೀಸ್ ಪಡೆಗಳ ಉತ್ತರ ಬರಬೇಕು. ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಅರ್ಜಿ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಹಾಕಿ ನೀವೇ ಡಿಬಿಎಸ್ ಜಾಲತಾಣದಲ್ಲಿ ನೋಡಬಹುದು. 60 ದಿನ ದಾಟಿಯೂ ನಾಲ್ಕನೇ ಹಂತದಲ್ಲೇ ಇದ್ದರೆ ಡಿಬಿಎಸ್‌ಗೆ ನೇರವಾಗಿ ಫೋನ್ ಮಾಡಿ ಎಸ್ಕಲೇಟ್ ಮಾಡಿ, ಅಂದರೆ ಮೇಲಿನವರ ಗಮನಕ್ಕೆ ತನ್ನಿ, ಎಂದು ಕೇಳಬಹುದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಪೊಲೀಸರಿಗಿಂತ ಮೊದಲೇ ನಮ್ಮ ಅರ್ಜಿಗಳು ಎಡವುವುದು ವಿಳಾಸದಲ್ಲಿ ಮತ್ತು ಹೆಸರಿನಲ್ಲಿ. ಹಿಂದಿನ ಐದು ವರ್ಷದ ವಿಳಾಸಗಳನ್ನು ಒಂದು ತಿಂಗಳೂ ಬಿಡದೆ ಕೊಡಬೇಕು. ಊರಿನ ಮನೆಯಲ್ಲಿದ್ದದ್ದು, ಬಾಣಂತನಕ್ಕೆ ತವರಿಗೆ ಹೋಗಿ ಆರು ತಿಂಗಳು ಇದ್ದದ್ದು, ವೀಸಾ ಬರುವವರೆಗೆ ಅತ್ತೆ ಮನೆಯಲ್ಲಿದ್ದದ್ದು, ಎಲ್ಲವನ್ನೂ ಬರೆಯಬೇಕು. "ಬಸ್ ಸ್ಟ್ಯಾಂಡ್ ಹಿಂಭಾಗ, ಎರಡನೇ ಅಡ್ಡರಸ್ತೆ" ಎಂಬ ನಮ್ಮ ವಿಳಾಸ ಅವರ ಚೌಕಗಳಲ್ಲಿ ಹಿಡಿಸುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಪ್ರತಿ ಅರ್ಜಿಯಲ್ಲೂ ಅದೇ ಕಾಗುಣಿತದಲ್ಲಿ ಬರೆಯಿರಿ.

ಹೆಸರಿನ ಕತೆ ಇನ್ನೂ ದೊಡ್ಡದು. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಎಂಬುದೇ ಇಲ್ಲ. ಹೆಸರಿನ ಪಕ್ಕ ಎರಡು ಇನಿಷಿಯಲ್. ನನ್ನ ಎಚ್ ಅಂದರೆ ಹರಿಹರ, ಅಪ್ಪನ ಊರು. ಎಂ ಅಂದರೆ ಅಪ್ಪನ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಇನಿಷಿಯಲ್ ಇದೆ. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದಾಗ ಹರಿಹರವೇ ಸರ್‌ನೇಮ್ ಆಗಿ ಕೂತಿತು. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿತು. ಎಚ್‌ಆರ್ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಮೂರೂ ನಾನೇ ಎಂದು ತೋರಿಸಲು ಮದುವೆ ನೋಂದಣಿ ಪತ್ರ ಮತ್ತು ದಾವಣಗೆರೆಯ ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಬೇಕಾಯಿತು. ಅದಕ್ಕೇ ಮೂರು ವಾರ ಹೋಯಿತು. ಊರಿಗೆ ಹೋದಾಗಲೇ ಇಂಥದೊಂದು ಅಫಿಡವಿಟ್ ಮಾಡಿಸಿ ತಂದಿಟ್ಟುಕೊಂಡರೆ ಆ ಮೂರು ವಾರ ಉಳಿಯುತ್ತದೆ. ಡಿಬಿಎಸ್ ಅರ್ಜಿಯಲ್ಲಿ ಹಿಂದೆ ಬಳಸಿದ ಎಲ್ಲ ಹೆಸರುಗಳನ್ನೂ ಬರೆಯುವ ಜಾಗವಿದೆ. ಅದನ್ನು ಖಾಲಿ ಬಿಟ್ಟರೆ ಆಮೇಲೆ ತೊಂದರೆ.

ಇನ್ನೊಂದು: ಡಿಬಿಎಸ್ ಭಾರತದ ದಾಖಲೆಗಳನ್ನು ನೋಡುವುದಿಲ್ಲ, ನೋಡಲು ಬರುವುದೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ತಿಂಗಳುಗಟ್ಟಲೆ ಭಾರತದಲ್ಲಿದ್ದವರಿಗೆ ಅಲ್ಲಿನ ಪೊಲೀಸ್ ಕ್ಲಿಯರೆನ್ಸ್, ಅಂದರೆ ಪಿಸಿಸಿ, ಬೇರೆಯಾಗಿ ಬೇಕು. ಊರಿನಲ್ಲಿದ್ದಾಗಲೇ ಪಾಸ್‌ಪೋರ್ಟ್ ಸೇವಾ ಮೂಲಕ ತೆಗೆಸಿದರೆ 500 ರೂಪಾಯಿಯ ಕೆಲಸ. ಲಾಲ್‌ಬಾಗ್, ಹುಬ್ಬಳ್ಳಿ, ಮಂಗಳೂರು ಕೇಂದ್ರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುತ್ತದೆ. ಇಲ್ಲಿಗೆ ಬಂದ ಮೇಲೆ ಹೈಕಮಿಷನ್ ಮೂಲಕ ಹಾಕಿದರೆ ಅದು ಸುತ್ತಿ ಬಳಸಿ ಭಾರತಕ್ಕೆ ಹೋಗಿ, ಬೇಕೆನಿಸಿದರೆ ನಿಮ್ಮ ಊರಿನ ಠಾಣೆಯನ್ನೂ ಮುಟ್ಟಿ, ಮರಳಿ ಬರಬೇಕು. ಆಗ ಆ ವಿಳಾಸದ ಮನೆಗೆ ಬೀಗ ಇದ್ದರೆ ಮುಗಿಯಿತು.

ಪ್ರಮಾಣಪತ್ರ ಬರುವುದು ಕಾಗದದಲ್ಲಿ, ಅಂಚೆಯಲ್ಲಿ, ನಿಮ್ಮ ಮನೆಗೆ. ನನ್ನದು ಬಿದ್ದದ್ದು ಬಾಗಿಲ ಸಂದಿನಿಂದ, ಪಿಜ್ಜಾ ಅಂಗಡಿಯ ಕರಪತ್ರಗಳ ಜೊತೆಗೆ. ಸ್ವಲ್ಪ ತಪ್ಪಿದ್ದರೆ ರದ್ದಿಗೆ ಹೋಗುತ್ತಿತ್ತು. ಬಂದ ಕೂಡಲೇ, ಪ್ರಮಾಣಪತ್ರವನ್ನು ಚಾಲ್ತಿಯಲ್ಲಿಡುವ ಡಿಬಿಎಸ್‌ನ ಅಪ್‌ಡೇಟ್ ಸರ್ವಿಸ್‌ಗೆ ಸೇರಿಕೊಳ್ಳಿ. ಪ್ರಮಾಣಪತ್ರದ ತಾರೀಖಿನಿಂದ 30 ದಿನದೊಳಗೆ ಸೇರಬೇಕು, ವರ್ಷಕ್ಕೆ 16 ಪೌಂಡ್. ನಾಳೆ ಇನ್ನೊಂದು ಆಸ್ಪತ್ರೆಗೆ ಹೋಗುವಾಗ ಈ ಒಂದು ಕ್ಯೂ ಆದರೂ ತಪ್ಪುತ್ತದೆ.

ದಾವಣಗೆರೆಯಿಂದ ಒಂದು ಇ-ಮೇಲ್

ನನ್ನನ್ನು ಅತಿ ಹೆಚ್ಚು ಕಾಯಿಸಿದ್ದು ಪೊಲೀಸರಲ್ಲ, ರೆಫರೆನ್ಸ್. ಹಿಂದಿನ ಕನಿಷ್ಠ ಮೂರು ವರ್ಷದ ಕೆಲಸಕ್ಕೆ ಸಾಕ್ಷಿ ಬೇಕು. ಕೆಲಸವಿಲ್ಲದೆ ಮನೆಯಲ್ಲಿದ್ದ ತಿಂಗಳುಗಳಿಗೂ ವಿವರಣೆ ಬೇಕು. ಎಚ್‌ಆರ್‌ನವರ ಗಣಕದಿಂದ ಒಂದು ಲಿಂಕ್ ಹಳೆಯ ಆಸ್ಪತ್ರೆಗೆ ಹೋಗುತ್ತದೆ. ಅವರು ಅದನ್ನು ಒತ್ತಿ ಫಾರಂ ತುಂಬಬೇಕು. ಇಂಗ್ಲೆಂಡಿನಲ್ಲೇ ಇರುವ ಹಳೆಯ ಮಾಲೀಕರಾದರೆ ಸರಿ. ನನ್ನದು ದಾವಣಗೆರೆಯಲ್ಲಿ ಡಾಕ್ಟರ್ ದಂಪತಿ ನಡೆಸುವ 20 ಹಾಸಿಗೆಯ ನರ್ಸಿಂಗ್ ಹೋಂ. ಅದಕ್ಕಿರುವುದು ಜಿಮೇಲ್ ವಿಳಾಸ. ಜಿಮೇಲ್ ಆದರೆ ಅದು ಆಸ್ಪತ್ರೆಯದೇ ಎಂದು ನಂಬುವುದು ಹೇಗೆ ಎಂದು ಇಲ್ಲಿನವರು ತಡೆದರು. ಹೇಗೋ ಒಪ್ಪಿಸಿದೆ. ಆಮೇಲೆ ಐದು ವಾರ ಅತ್ತಲಿಂದ ಉತ್ತರವಿಲ್ಲ.

ಒಂದು ದಿನ ಬೆಳಿಗ್ಗೆ 8ಕ್ಕೆ, ಅಲ್ಲಿ ಮಧ್ಯಾಹ್ನ ಒಪಿಡಿ ಮುಗಿಯುವ ಹೊತ್ತಿಗೆ, ಫೋನ್ ಮಾಡಿದೆ. ರಿಸೆಪ್ಷನ್ನಿನ ಹುಡುಗಿಗೆ ಧ್ವನಿ ಗುರುತು ಸಿಕ್ಕಿತು. "ಅಯ್ಯೋ ಸಿಸ್ಟರ್, ಆ ಮೇಲ್ ಬಂದೈತೆ. ಹೊರದೇಶದ್ದು, ಫ್ರಾಡ್ ಇರ್ಬಹುದು, ಲಿಂಕ್ ಒತ್ತಬ್ಯಾಡ ಅಂತ ಡಾಕ್ಟ್ರೇ ಹೇಳಿದ್ರು" ಅಂದಳು. ಅವರದೇನೂ ತಪ್ಪಿಲ್ಲ. ದಿನಾ ಬ್ಯಾಂಕಿನ ಹೆಸರಲ್ಲಿ, ಕೊರಿಯರ್ ಹೆಸರಲ್ಲಿ ಲಿಂಕ್ ಬಂದು ದುಡ್ಡು ಹೋಗುವ ಕಾಲದಲ್ಲಿ ಅವರು ಮಾಡಿದ್ದೇ ಸರಿ. ಇತ್ತ ಎಚ್‌ಆರ್ ಗಣಕವೂ ತನ್ನಷ್ಟಕ್ಕೆ ವಾರಕ್ಕೊಂದು ನೆನಪೋಲೆ ಕಳಿಸಿ ತನ್ನ ಕೆಲಸ ಮಾಡಿತ್ತು. ಇಬ್ಬರೂ ಸರಿ. ನಡುವೆ ನನ್ನ ಐದು ವಾರ ಹೋಗಿತ್ತು.

ಡಾಕ್ಟರ್ ಮೇಡಂ ಜೊತೆ ಮಾತಾಡಿದೆ. ಲಿಂಕ್ ಬೇಡವೆಂದರೆ ಬೇಡ, ಲೆಟರ್‌ಹೆಡ್ ಮೇಲೆ ಬರೆದುಕೊಡಿ ಎಂದೆ. ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ, ರಜೆಯ ವಿವರ, ಸಹಿ, ಸೀಲು, ಆಸ್ಪತ್ರೆಯ ಲ್ಯಾಂಡ್‌ಲೈನ್ ನಂಬರ್. ಜೊತೆಗೆ ಕೆಪಿಎಂಇ ನೋಂದಣಿ ಸಂಖ್ಯೆಯನ್ನೂ ಹಾಕಿಸಿದೆ. ಕರ್ನಾಟಕದ ಪ್ರತಿ ಖಾಸಗಿ ನರ್ಸಿಂಗ್ ಹೋಂಗೂ 2007ರ ಕಾಯಿದೆಯಡಿ ಆ ನೋಂದಣಿ ಇರಲೇಬೇಕು, ಗೋಡೆಯ ಮೇಲೆ ತೂಗುಹಾಕಿರುತ್ತಾರೆ. ಸರಕಾರಿ ಸಂಖ್ಯೆಯೊಂದು ಕಂಡಾಗ ಎಚ್‌ಆರ್‌ನವರಿಗೂ ಹಿಡಿಯಲು ಒಂದು ಕೊಂಬೆ ಸಿಕ್ಕಂತಾಯಿತು. ಅವರು ಆ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡರು. ಎರಡೇ ದಿನದಲ್ಲಿ ಮುಗಿಯಿತು.

ಇಲ್ಲಿಂದ ನಾನು ಕಲಿತದ್ದು: ರೆಫರೆನ್ಸ್ ಕೊಡುವವರಿಗೆ ಇ-ಮೇಲ್ ಹೋಗುವ ಮೊದಲು ನಿಮ್ಮ ಫೋನ್ ಹೋಗಬೇಕು. ಇಂಥ ಹೆಸರಿನಿಂದ, ಇಂಥ ದಿನ ಬರುತ್ತದೆ, ಸ್ಪ್ಯಾಮ್ ಫೋಲ್ಡರ್ ನೋಡಿ, ಅನುಮಾನ ಬಂದರೆ ನನಗೆ ಕೇಳಿ ಎಂದು ಹೇಳಿಡಿ. ಬೇಸಿಗೆಯಲ್ಲಿ ಇಲ್ಲಿ 9 ಗಂಟೆಯಾದರೆ ಅಲ್ಲಿ ಮಧ್ಯಾಹ್ನ 1.30. ಇಲ್ಲಿನ ಕಚೇರಿಯವರು ಚಹಾ ಕುಡಿದು ಫೋನ್ ಎತ್ತಿಕೊಳ್ಳುವಾಗ ಅಲ್ಲಿ ಊಟದ ಬಿಡುವು. ಯಾವ ಹೊತ್ತಿಗೆ ಫೋನ್ ಮಾಡಿದರೆ ಸಿಗುತ್ತಾರೆ ಎಂಬುದನ್ನು ಎಚ್‌ಆರ್‌ಗೆ ನೀವೇ ಬರೆದು ತಿಳಿಸಿ.

ಮಕ್ಕಳನ್ನು ಸಾಕುತ್ತ ಹತ್ತು ವರ್ಷ ಮನೆಯಲ್ಲಿದ್ದವರು ಈ ಜಾಗದಲ್ಲಿ ತುಂಬ ಕುಗ್ಗುತ್ತಾರೆ. ಕುಗ್ಗಬೇಕಾದ್ದಿಲ್ಲ. ಕೆಲಸದ ರೆಫರೆನ್ಸ್ ಇಲ್ಲದವರಿಗೆ ನಡತೆಯ ಸಾಕ್ಷಿ ಹೇಳುವ, ಸಮಾಜದಲ್ಲಿ ಒಂದು ಸ್ಥಾನವಿರುವ, ನೆಂಟರಲ್ಲದ ವ್ಯಕ್ತಿಯ ಪತ್ರಕ್ಕೆ ಅವಕಾಶವಿದೆ. ಮಕ್ಕಳ ಶಾಲೆಯಲ್ಲಿ ಓದಿಸಲು ಹೋಗುತ್ತಿದ್ದರೆ ಅಲ್ಲಿನ ಹೆಡ್‌ಟೀಚರ್, ಚಾರಿಟಿ ಅಂಗಡಿಯಲ್ಲಿ ವಾರಕ್ಕೊಂದು ದಿನ ನಿಂತಿದ್ದರೆ ಅದರ ಮ್ಯಾನೇಜರ್, ಊರಿನ ಕನ್ನಡ ಸಂಘದ ಪದಾಧಿಕಾರಿ, ಇಂಥವರು ಬರೆಯಬಹುದು. ಸಿವಿಯಲ್ಲಿ ಆ ವರ್ಷಗಳನ್ನು ಮುಚ್ಚಿಡಲು ಹೋಗಬೇಡಿ. "2014ರಿಂದ 2023, ಮನೆ ಮತ್ತು ಮಕ್ಕಳ ಪಾಲನೆ" ಎಂದು ನೇರವಾಗಿ ಬರೆದರೆ ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಬರುವುದು ಖಾಲಿ ಬಿಟ್ಟಾಗ.

ಒಂದು ಸೂಕ್ಷ್ಮ. ಕಾಯುವಾಗ ಕೈ ಖಾಲಿ ಅಂತ ಬೇರೆ ಕಡೆ ತಾತ್ಕಾಲಿಕ ಕೆಲಸ ಹಿಡಿದರೆ, ಆ ಹೊಸ ಮಾಲೀಕರ ರೆಫರೆನ್ಸೂ ಬೇಕಾಗಬಹುದು, ಏಕೆಂದರೆ ಈಗ ಅವರೇ ನಿಮ್ಮ ಇತ್ತೀಚಿನ ಮಾಲೀಕರು. ಕೆಲಸ ಹಿಡಿಯಬೇಡಿ ಅನ್ನುತ್ತಿಲ್ಲ. ಮನೆ ನಡೆಯಬೇಕಲ್ಲ. ಹಿಡಿದ ದಿನವೇ ಎಚ್‌ಆರ್‌ಗೆ ತಿಳಿಸಿ.

ತೋಳಿನ ಕಲೆ, ರಕ್ತದ ಸಾಕ್ಷಿ

ಆರೋಗ್ಯದ ಪ್ರಶ್ನೆಗಳನ್ನು ಆಫರ್‌ಗೆ ಮುಂಚೆ ಕೇಳುವಂತಿಲ್ಲ. 2010ರ ಸಮಾನತಾ ಕಾಯಿದೆ ಅದನ್ನು ತಡೆಯುತ್ತದೆ. ಅದು ನಮ್ಮ ಒಳಿತಿಗೇ ಇದೆ, ಕಾಯಿಲೆಯ ನೆಪದಲ್ಲಿ ಯಾರನ್ನೂ ಬಾಗಿಲಲ್ಲೇ ತಿರುಗಿಸಬಾರದೆಂದು. ಆದರೆ ಇದರಿಂದಾಗಿ ಈ ಕ್ಯೂ ಎಲ್ಲಕ್ಕಿಂತ ತಡವಾಗಿ ಶುರುವಾಗುತ್ತದೆ, ಮತ್ತು ಇದರಲ್ಲಿ ಎಷ್ಟು ಗೋಗರೆದರೂ ಕಡಿಮೆಯಾಗದ ದಿನಗಳಿವೆ.

ನೌಕರರ ಆರೋಗ್ಯ ನೋಡುವ ಆಕ್ಯುಪೇಷನಲ್ ಹೆಲ್ತ್ ವಿಭಾಗದ ನರ್ಸ್ ನನ್ನನ್ನು ಕೂರಿಸಿಕೊಂಡು ಮೊದಲು ಕೇಳಿದ್ದು ಚುಚ್ಚುಮದ್ದಿನ ಕಾರ್ಡ್. ನಾನು ಹುಟ್ಟಿದ ಕಾಲದ ಕಾರ್ಡ್ ಯಾರ ಮನೆಯಲ್ಲಿ ಇದೆ? ಈಗಿನ ಮಕ್ಕಳಿಗೆ ತಾಯಿ ಕಾರ್ಡ್ ಇದೆ, ನಮಗೆ ಅವ್ವನ ನೆನಪಷ್ಟೇ. "ಎಡತೋಳು ತೋರಿಸಿ" ಅಂದರು. ಟಿಬಿಯ ಲಸಿಕೆ ಬಿಸಿಜಿಯ ಗುಂಡನೆ ಕಲೆ ಇತ್ತು. ಅದನ್ನು ಬೆರಳಿನಿಂದ ಸವರಿ ನೋಡಿ ಫಾರಂನಲ್ಲಿ ಗುರುತು ಹಾಕಿಕೊಂಡರು. ಊರಿನ ಆಸ್ಪತ್ರೆಯಲ್ಲಿ ಯಾರೋ ಸಿಸ್ಟರ್ ನನ್ನ ಎಳೆ ತೋಳಿಗೆ ಹಾಕಿದ್ದ ಸೂಜಿ ಇಷ್ಟು ವರ್ಷದ ಮೇಲೆ ಇಲ್ಲಿ ದಾಖಲೆಯಾಗಿ ಕೆಲಸಕ್ಕೆ ಬಂತು.

ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆಗೆ ಹಾಗಾಗಲಿಲ್ಲ. ಭಾರತದಲ್ಲಿ 1985ರಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾದಾಗ ಈ ಮೂರರ ಪೈಕಿ ಅದರಲ್ಲಿದ್ದದ್ದು ದಡಾರದ ಲಸಿಕೆ ಮಾತ್ರ. ರುಬೆಲ್ಲಾ ಸೇರಿದ ಎಂಆರ್ ಲಸಿಕೆಯ ಅಭಿಯಾನ ಬಂದದ್ದು 2017ರಲ್ಲಿ, ಮೊದಲು ತೆಗೆದುಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೀಗಾಗಿ 80, 90ರ ದಶಕದಲ್ಲಿ ಹುಟ್ಟಿದ ನಮ್ಮಲ್ಲಿ ಬಹುತೇಕರ ಬಳಿ ಮಂಗನಬಾವು, ರುಬೆಲ್ಲಾಗೆ ಲಸಿಕೆ ಆದ ದಾಖಲೆ ಇರುವುದಿಲ್ಲ. ಹುಡುಕಿ ಪ್ರಯೋಜನವೂ ಇಲ್ಲ. ಎರಡು ಡೋಸ್ ಹಾಕಿಸಿಕೊಳ್ಳಬೇಕು, ಎರಡರ ನಡುವೆ ಕನಿಷ್ಠ 4 ವಾರ ಬೇಕು. ಮೊದಲ ಡೋಸಿನ ಮೇಲೆಯೇ ಸೇರಲು ಬಿಡುತ್ತಾರೋ ಇಲ್ಲವೋ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ, ವಾರ್ಡಿನಿಂದ ವಾರ್ಡಿಗೆ ಬದಲಾಗುತ್ತದೆ. ಆದರೆ ಆ 4 ವಾರಕ್ಕೆ ಆಫರ್ ಬರುವವರೆಗೆ ಕಾಯಬೇಕೆಂದೇನಿಲ್ಲ. ಹಿಂದೆ ಎರಡು ಡೋಸ್ ಆಗಿರದ ವಯಸ್ಕರಿಗೆ ಜಿಪಿ, ಅಂದರೆ ನೀವು ಹೆಸರು ಬರೆಸಿರುವ ಬಡಾವಣೆಯ ಡಾಕ್ಟರ್, ಬಳಿ ಎಂಎಂಆರ್ ಉಚಿತ. ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆ ಬಂದ ವಾರವೇ ಹೋಗಿ ಹಾಕಿಸಿಕೊಳ್ಳಿ.

ಹೆಪಟೈಟಿಸ್ ಬಿ ಲಸಿಕೆಯನ್ನು ನರ್ಸಿಂಗ್ ಕಾಲೇಜಿನಲ್ಲಿ ಮೂರು ಡೋಸ್ ಹಾಕಿದ್ದರು, ಕಾಗದ ಕಳೆದಿತ್ತು. ಇಲ್ಲಿ ರಕ್ತವೇ ಸಾಕ್ಷಿ ಹೇಳಿತು. ಪ್ರತಿಕಾಯದ ಮಟ್ಟ ಸಾಕಷ್ಟಿದ್ದರೆ ಹಳೆಯ ಕಾಗದ ಕೇಳುವುದಿಲ್ಲ. ಟಿಬಿಗೆ ಈಗ ಸಾಮಾನ್ಯವಾಗಿ ಇಗ್ರಾ ಎಂಬ ರಕ್ತಪರೀಕ್ಷೆ ಮಾಡುತ್ತಾರೆ, ಏಕೆಂದರೆ ಬಿಸಿಜಿ ಆದವರಲ್ಲಿ ಚರ್ಮದ ಪರೀಕ್ಷೆ ದಾರಿ ತಪ್ಪಿಸಬಹುದು. ನಮ್ಮ ದೇಶದಿಂದ ಬಂದವರಲ್ಲಿ ಇಗ್ರಾ ಪಾಸಿಟಿವ್ ಬರುವುದು ಅಪರೂಪವೇನಲ್ಲ, ವಾರ್ಡುಗಳಲ್ಲಿ ದುಡಿದವರಲ್ಲಂತೂ ಇನ್ನೂ. ನನ್ನ ಜೊತೆಗಾತಿಗೆ ಹಾಗೆ ಬಂದಾಗ ರಾತ್ರಿಯೆಲ್ಲ ಅತ್ತಳು, ಕೆಲಸ ಹೋಯಿತು, ವೀಸಾ ಹೋಯಿತು ಎಂದು. ಹೋಗುವುದಿಲ್ಲ. ಅದು ಬಹುಪಾಲು ಮೈಯಲ್ಲಿ ಮಲಗಿರುವ ಸೋಂಕಿನ ಗುರುತು, ಇತರರಿಗೆ ಹರಡುವ ಕಾಯಿಲೆಯಲ್ಲ. ಎದೆಯ ಎಕ್ಸ್‌ರೇ ತೆಗೆದು, ಲಕ್ಷಣ ವಿಚಾರಿಸಿ, ಬೇಕಾದರೆ ಮೂರು ಅಥವಾ ಆರು ತಿಂಗಳ ಮಾತ್ರೆ ಕೊಡುತ್ತಾರೆ. ಎಂಎಂಆರ್ ಚುಚ್ಚಿಸಿಕೊಂಡ ಮೇಲೆ ಟಿಬಿ ಚರ್ಮಪರೀಕ್ಷೆ ಮಾಡಿಸಲು 4 ವಾರ ಬಿಡಬೇಕಾಗುತ್ತದೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಆ ನರ್ಸ್ ಬಳಿಯೇ ಕೇಳಿ ದಿನ ಗೊತ್ತುಮಾಡಿಕೊಳ್ಳಿ.

ಎರಡು ದಿನ ತಪ್ಪಿದರೆ ಒಂದು ತಿಂಗಳು

ಎಲ್ಲ ಮುಗಿದರೂ ಇಂಡಕ್ಷನ್ ಎಂಬ ಕೊನೆಯ ಮೆಟ್ಟಿಲಿದೆ. ಹೊಸದಾಗಿ ಸೇರುವವರಿಗೆಲ್ಲ ಒಟ್ಟಿಗೆ ತರಬೇತಿ ಕೊಡುವ ಆ ದಿನಗಳು ತಿಂಗಳಿಗೊಮ್ಮೆಯೋ ಎರಡು ಸಲವೋ ಇರುತ್ತವೆ. ಸೋಮವಾರ ಇಂಡಕ್ಷನ್, ನಿಮ್ಮ ಕೊನೆಯ ಕಾಗದ ಅದಾದ ಮೇಲಿನ ಬುಧವಾರ ಬಂತು ಅನ್ನಿ, ಮುಂದಿನ ಬ್ಯಾಚಿಗೆ ಹೋದಿರಿ. ತಡವಾದದ್ದು ಎರಡು ದಿನ, ಕಳೆದದ್ದು ಒಂದು ತಿಂಗಳು. ಆದ್ದರಿಂದ ಎಚ್‌ಆರ್‌ಗೆ ಕೇಳಬೇಕಾದ ಪ್ರಶ್ನೆ "ನನ್ನ ಕೆಲಸ ಯಾವಾಗ ಶುರು" ಎಂಬುದಲ್ಲ. "ಮುಂದಿನ ಎರಡು ಇಂಡಕ್ಷನ್ ಯಾವಾಗ, ಅದಕ್ಕೆ ಸೇರಬೇಕಾದರೆ ಯಾವ ತಾರೀಖಿನೊಳಗೆ ಏನೇನು ಮುಗಿಯಬೇಕು" ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅವರು ನಿಮ್ಮ ಕಡತ ತೆರೆದು ನೋಡಲೇಬೇಕಾಗುತ್ತದೆ.

ಕೇಳುವುದಕ್ಕೆ ನಮಗೆ ಸಂಕೋಚ. ಪದೇಪದೇ ಕೇಳಿದರೆ ಬೇಸರಗೊಂಡು ಬೇರೆಯವರನ್ನು ತೆಗೆದುಕೊಂಡಾರು ಎಂಬ ಭಯ. ನಾನು ಮೊದಲ ಆರು ವಾರ ಒಂದು ಮೇಲ್ ಕೂಡ ಹಾಕಲಿಲ್ಲ. ಆಮೇಲೆ ತಿಳಿದದ್ದೇನೆಂದರೆ ನನ್ನ ವಾರ್ಡ್ ಮ್ಯಾನೇಜರ್ ಕೂಡ ಎಚ್‌ಆರ್‌ಗೆ ನನ್ನನ್ನು ಯಾವಾಗ ಕಳಿಸುತ್ತೀರಿ ಎಂದು ಬರೆಯುತ್ತಲೇ ಇದ್ದರು. ಜನವಿಲ್ಲದೆ ಅವರ ವಾರ್ಡ್ ಒದ್ದಾಡುತ್ತಿತ್ತು. ಅವರು ನಿಮ್ಮ ಕಡೆಯವರು. ಹತ್ತು ದಿನಕ್ಕೊಂದು ಮೇಲ್, ಅದರಲ್ಲಿ ಆರು ತಪಾಸಣೆಗಳ ಹೆಸರು, ಯಾವುದು ಮುಗಿದಿದೆ, ಯಾವುದು ಯಾರ ಬಳಿ ಇದೆ, ನಾನೇನು ಕೊಡಬೇಕು ಎಂಬ ಪ್ರಶ್ನೆ, ವಾರ್ಡ್ ಮ್ಯಾನೇಜರ್‌ಗೆ ಪ್ರತಿ. ಇದರಲ್ಲಿ ಯಾರಿಗೂ ಅವಮಾನವಿಲ್ಲ.

ಬರೀ ಡಿಬಿಎಸ್ ಒಂದೇ ಬಾಕಿ ಇದ್ದು ಕೆಲಸ ವಯಸ್ಕರ ವಾರ್ಡಿನದಾದರೆ, ಅಡಲ್ಟ್ ಫಸ್ಟ್ ಎಂಬ ದಾರಿ ಇದೆ. ನಿಷೇಧಿತರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ಬೇಗ ನೋಡಿಕೊಂಡು, ಪ್ರಮಾಣಪತ್ರ ಬರುವವರೆಗೆ ಬೇರೆಯವರ ಮೇಲ್ವಿಚಾರಣೆಯಲ್ಲಿ ಕೆಲಸ ಶುರು ಮಾಡಿಸಬಹುದು. ಇದು ಹಕ್ಕಲ್ಲ, ಅಪರೂಪದ ಸಂದರ್ಭಕ್ಕೆ ಇಟ್ಟ ಅನುಕೂಲ, ಆಸ್ಪತ್ರೆ ಒಪ್ಪಬೇಕು. ಕೇಳಿ ನೋಡಬಹುದು.

ಭಾರತದಿಂದ ನೇರ ನೇಮಕವಾಗಿ ಬರುವ ನರ್ಸುಗಳಿಗೆ ಇದರ ಮೇಲೆ ವೀಸಾದ ಗಡಿಯಾರ ಓಡುತ್ತಿರುತ್ತದೆ. ಆಸ್ಪತ್ರೆ ಕೊಡುವ ಸ್ಪಾನ್ಸರ್‌ಶಿಪ್ ಪತ್ರದಲ್ಲಿ ಬರೆದ ತಾರೀಖು, ವೀಸಾ ಜಾರಿಗೆ ಬರುವ ತಾರೀಖು, ಇವುಗಳಲ್ಲಿ ಕೊನೆಯದಾಗಿ ಬರುವುದರಿಂದ ಎಣಿಸಿ 28 ದಿನದೊಳಗೆ ಕೆಲಸ ಶುರುವಾಗಬೇಕು, ಇಲ್ಲದಿದ್ದರೆ ಆಸ್ಪತ್ರೆ ಅದನ್ನು ಕಾರಣ ಸಹಿತ ವೀಸಾ ನೋಡುವ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಬೇಕು. ತಡವಾಗುವ ಸೂಚನೆ ಕಂಡರೆ ತಿಳಿಸಿದ್ದೀರಾ ಎಂದು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ನರ್ಸುಗಳನ್ನು ನೋಂದಾಯಿಸುವ ಸಂಸ್ಥೆಯಾದ ಎನ್‌ಎಂಸಿಯ ನೋಂದಣಿಗೆ ಕರ್ನಾಟಕದ ನರ್ಸಿಂಗ್ ಕೌನ್ಸಿಲ್ ತಾನೇ ನೇರವಾಗಿ ದೃಢೀಕರಣ ಕಳಿಸಬೇಕಾದ್ದರಿಂದ, ಬೆಂಗಳೂರಿನ ಆ ಕಚೇರಿಗೆ ಅಲ್ಲಿರುವಾಗಲೇ ಖುದ್ದು ಹೋಗಿ ಬರುವುದು ಒಳ್ಳೆಯದು. ಇಲ್ಲಿಂದ ಫೋನ್ ಮಾಡಿ ಬೆನ್ನು ಹತ್ತುವುದು ಕಷ್ಟ. ಬೇಗ ಮಾಡಿಸಿಕೊಡುತ್ತೇನೆ ಎಂದು ದುಡ್ಡು ಕೇಳುವವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಡಿಬಿಎಸ್‌ಗೆ ತತ್ಕಾಲ್ ಇಲ್ಲ.

ಕಾಯುವವರು ಕಳೆದುಕೊಳ್ಳುವುದು

ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಸಂಬಳಪಟ್ಟಿಯ ಬ್ಯಾಂಡ್ 2 ಹೆಲ್ತ್‌ಕೇರ್ ಅಸಿಸ್ಟೆಂಟ್‌ಗೆ 2025–26ರಲ್ಲಿ ವರ್ಷಕ್ಕೆ 24,465 ಪೌಂಡ್ ಇತ್ತು. ಪೂರ್ಣಾವಧಿ ಕೆಲಸಕ್ಕೆ ಮೂರು ತಿಂಗಳು ತಡವೆಂದರೆ ತೆರಿಗೆಗೆ ಮುಂಚಿನ ಲೆಕ್ಕದಲ್ಲಿ 6,100 ಪೌಂಡಿಗೂ ಮೇಲೆ. ಆಸ್ಪತ್ರೆಗೆ ಇದರಿಂದ ಆಗುವ ತೊಂದರೆ ಬೇರೆ ಥರದ್ದು, ಬದಲಿ ಜನ ಹುಡುಕಬೇಕು. ನಮ್ಮ ಮನೆಯಲ್ಲಿ ಮಾತ್ರ ಅದು ಬಾಡಿಗೆ, ಮಕ್ಕಳ ಬೂಟು, ಊರಿಗೆ ಕಳಿಸುವ ದುಡ್ಡು. ವೀಸಾದ ಮೇಲೆ ಇರುವವರಿಗೆ ಇಲ್ಲಿನ ಸರಕಾರದ ಭತ್ಯೆಗಳೂ ಸಿಗುವುದಿಲ್ಲ. ಬ್ಯಾಂಡ್ 2 ಈ ಸಂಬಳಪಟ್ಟಿಯಲ್ಲಿ ಕೆಳಗಿನ ಮೆಟ್ಟಿಲು. ಉಳಿತಾಯ ಕಡಿಮೆಯಿರುವವರೇ ಸಂಬಳವಿಲ್ಲದೆ ಕೂರಬೇಕಾಗುತ್ತದೆ. ಆಸ್ಪತ್ರೆಗಳು ವಾರಕ್ಕೊಂದು ಸಾಲು ಬರೆದು ಎಲ್ಲಿ ನಿಂತಿದೆ ಎಂದು ತಿಳಿಸಿದರೆ ಖರ್ಚೇನೂ ಇಲ್ಲ. ಇಷ್ಟನ್ನಾದರೂ ಮಾಡಬೇಕು, ಮತ್ತು ಮಾಡಿ ಎಂದು ನಾವು ಕೇಳಬೇಕು.

ಕೆಲಸ ಶುರುವಾದ ಮೇಲೂ ಇನ್ನೊಂದು ಕಾಯುವಿಕೆ ಇದೆ. ಸಂಬಳದ ಪಟ್ಟಿ ತಿಂಗಳ ನಡುವೆಯೇ ಮುಚ್ಚುತ್ತದೆ. ಆ ತಾರೀಖು ದಾಟಿ ಸೇರಿದವರಿಗೆ ಮೊದಲ ಸಂಬಳ ಮುಂದಿನ ತಿಂಗಳ ಕೊನೆಗೆ. ನಾನು ಸೇರಿದ್ದು ಪಟ್ಟಿ ಮುಚ್ಚಿದ ಮೂರನೇ ದಿನ. ಬಸ್ ಪಾಸಿಗೂ ಗಂಡನ ಕೈ ನೋಡುತ್ತ ಆರು ವಾರ ದುಡಿದೆ. ನನ್ನ ಜೊತೆ ಅದೇ ಬ್ಯಾಚಿನಲ್ಲಿ ಸೇರಿದ ಘಾನಾದ ಹುಡುಗಿಯೊಬ್ಬಳು ಮೊದಲ ವಾರವೇ ಸಂಬಳ ವಿಭಾಗಕ್ಕೆ ಹೋಗಿ, ನನಗೆ ಅಡ್ವಾನ್ಸ್ ಬೇಕು ಎಂದು ಕೇಳಿದಳು. ಒಂದು ಫಾರಂ ಕೊಟ್ಟರು, ತುಂಬಿದಳು, ಆ ಶುಕ್ರವಾರವೇ ಖಾತೆಗೆ ದುಡ್ಡು ಬಂತು. ಆ ಫಾರಂ ನಮ್ಮೆಲ್ಲರಿಗೂ ಇತ್ತು.